ಹೇಡ್ರಿಯನ್ಸ್ ಸೈಕಲ್‌ವೇ: ರೋಮನ್ ಗಡಿಯುದ್ದಕ್ಕೂ ಸೈಕಲ್ ತುಳಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಇಂಗ್ಲೆಂಡಿನಲ್ಲಿ, ರೋಮನ್ನರು ತಮ್ಮ ಗಡಿಗೆ ಕಟ್ಟಿದ ಹೇಡ್ರಿಯನ್ ಗೋಡೆಯ ಆಸುಪಾಸಿನಲ್ಲೇ, ಪಶ್ಚಿಮದ ಕಡಲಿನಿಂದ ಪೂರ್ವದ ಕಡಲಿಗೆ ಹೋಗುವ ಈ ಸೈಕಲ್ ದಾರಿಯ ಮಾತು ಬಂದಾಗಲೆಲ್ಲ ಅವೇ ಪ್ರಶ್ನೆಗಳು ಎದುರಾಗುತ್ತವೆ. ಕೆಲವು ಬೆಂಗಳೂರು, ಮೈಸೂರಿನ ಸೈಕಲ್ ಗೆಳೆಯರು ಕೇಳಿದ್ದು. ಕೆಲವು ಬ್ರಿಟನ್ನಿನಲ್ಲೇ ಕೆಲಸದಲ್ಲಿರುವ ಕನ್ನಡಿಗರು ಕೇಳಿದ್ದು. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದವು ಮೊದಲು, ಇತಿಹಾಸದ ಆಳಕ್ಕೆ ಇಳಿಯುವವು ಆಮೇಲೆ.

## ಮೊದಲು ತಿಳಿಯಬೇಕಾದದ್ದು

ಈ ದಾರಿ ಎಲ್ಲಿಂದ ಎಲ್ಲಿಗೆ? ಎಷ್ಟು ದೂರ?

ಕುಂಬ್ರಿಯಾ ಕರಾವಳಿಯ ರೇವನ್‌ಗ್ಲಾಸ್ ಎಂಬ ಪುಟ್ಟ ಊರಿನಿಂದ ಟೈನ್ ನದಿ ಸಮುದ್ರ ಸೇರುವ ಸೌತ್ ಶೀಲ್ಡ್ಸ್‌ವರೆಗೆ, ಸುಮಾರು 275 ಕಿಲೋಮೀಟರ್. ಬ್ರಿಟನ್ನಿನ ರಾಷ್ಟ್ರೀಯ ಸೈಕಲ್ ಜಾಲದಲ್ಲಿ ಇದರ ಸಂಖ್ಯೆ 72. 2006ರಲ್ಲಿ ತೆರೆದದ್ದು. ವೈಟ್‌ಹೇವನ್, ಮೇರಿಪೋರ್ಟ್, ಸಿಲ್ಲತ್, ಬೌನೆಸ್, ಕಾರ್ಲೈಲ್, ಬ್ರಾಂಪ್ಟನ್, ಹಾಲ್ಟ್‌ವಿಸಲ್, ಹೆಕ್ಸಮ್, ಕೋರ್‌ಬ್ರಿಜ್, ನ್ಯೂಕ್ಯಾಸಲ್ ಇವೆಲ್ಲ ದಾರಿಯಲ್ಲಿ ಸಿಗುವ ಊರುಗಳು. ನೀಲಿ ಫಲಕದ ಮೇಲೆ ಕೆಂಪು ಚೌಕದಲ್ಲಿ 72 ಎಂದು ಬರೆದಿರುತ್ತಾರೆ. ಅದನ್ನು ಹಿಂಬಾಲಿಸಿದರೆ ಸಾಕು.

ಗೋಡೆ ಪಕ್ಕದಲ್ಲೇ ಸೈಕಲ್ ಹೊಡೆಯಬಹುದಾ?

ಇಲ್ಲ. ಎಲ್ಲರಿಗೂ ಮೊದಲು ಹೇಳುವ ಮಾತೇ ಇದು. ಗೋಡೆಗೆ ಅಂಟಿಕೊಂಡು ಹೋಗುವ ದಾರಿ ನಡೆಯುವವರಿಗೆ ಮಾತ್ರ. ಅದು 2003ರಲ್ಲಿ ತೆರೆದ ಸುಮಾರು 135 ಕಿಲೋಮೀಟರ್ ಉದ್ದದ ಕಾಲುದಾರಿ, ಅಲ್ಲಿ ಸೈಕಲ್‌ಗೆ ಅವಕಾಶವಿಲ್ಲ. ಸೈಕಲ್ ದಾರಿ ಬಹುಪಾಲು ಹೊಲ, ಹಳ್ಳಿ, ನದಿಬಯಲುಗಳ ನಡುವೆ ಸಾಗುತ್ತದೆ. ಆಗಾಗ ಗೋಡೆಯ ಹತ್ತಿರ ಬಂದು ಮತ್ತೆ ದೂರ ಹೋಗುತ್ತದೆ. ಬರ್ಡೊಸ್ವಾಲ್ಡ್ ಕೋಟೆಯ ಹತ್ತಿರ ಮಾತ್ರ ರಸ್ತೆ ಬದಿಯಲ್ಲೇ ಗೋಡೆ ಕಾಣುತ್ತದೆ.

ಹಾಗಾಗಿ ನನ್ನ ಸಲಹೆ ಒಂದೇ. ಇದನ್ನು ಗೋಡೆ ನೋಡುವ ಪ್ರವಾಸ ಅಂದುಕೊಳ್ಳಬೇಡಿ. ಮೂರು ಶತಮಾನ ಒಂದು ಗಡಿಯಲ್ಲಿ ಬದುಕಿದವರ ನೆಲವನ್ನು ನಿಧಾನವಾಗಿ ದಾಟುವ ಪ್ರವಾಸ ಅಂದುಕೊಳ್ಳಿ. ಒಂದು ಅರ್ಧ ದಿನ ಸೈಕಲ್‌ಗೆ ಬೀಗ ಹಾಕಿ ಗೋಡೆಯ ಪಕ್ಕ ನಡೆಯಿರಿ.

ಎಷ್ಟು ದಿನ ಬೇಕು? ಮೂರು ದಿನದಲ್ಲಿ ಆಗಲ್ವಾ?

ಕಾಲಿಗೆ ಬಲ ಇದ್ದರೆ ಮೂರು ದಿನದಲ್ಲಿ ಖಂಡಿತ ಆಗುತ್ತದೆ. ಆದರೆ ಹಾಗೆ ಹೋದವರು ಕೋಟೆಗಳ ಬಾಗಿಲು ಮಾತ್ರ ನೋಡಿರುತ್ತಾರೆ. ದಿನಕ್ಕೆ 50 ಕಿಲೋಮೀಟರ್ ಆಸುಪಾಸು ಇಟ್ಟುಕೊಂಡು ಆರು ದಿನ ತೆಗೆದುಕೊಳ್ಳಿ. ಮೊದಲ ಎರಡು ದಿನ ಕರಾವಳಿ, ಮೂರನೇ ದಿನ ಕಾರ್ಲೈಲ್, ನಾಲ್ಕನೇ ದಿನ ಹಾಲ್ಟ್‌ವಿಸಲ್. ಐದನೇ ದಿನ ವಿಂಡೊಲಾಂಡಾ ಎಂಬ ರೋಮನ್ ಕೋಟೆ ಮತ್ತು ಅಲ್ಲಿಂದ ಹೆಕ್ಸಮ್. ಆರನೇ ದಿನ ನದಿಯ ಜೊತೆ ಸಮುದ್ರಕ್ಕೆ. ಕೊನೆಯ ದಿನ ಉದ್ದ ಜಾಸ್ತಿ, ಆದರೆ ಬಹುಪಾಲು ಸಮತಟ್ಟು.

ಪಶ್ಚಿಮದಿಂದ ಪೂರ್ವಕ್ಕೆ ಹೋಗಬೇಕಾ, ಪೂರ್ವದಿಂದ ಪಶ್ಚಿಮಕ್ಕಾ?

ಪಶ್ಚಿಮದಿಂದ ಪೂರ್ವಕ್ಕೆ. ಇಲ್ಲಿ ಗಾಳಿ ಹೆಚ್ಚಾಗಿ ಅಟ್ಲಾಂಟಿಕ್ ಕಡೆಯಿಂದ, ಅಂದರೆ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಸಿಲ್ಲತ್ ಕಡೆಯ ಬಯಲಿನಲ್ಲಿ ಮರವೂ ಇಲ್ಲ, ಮರೆಯೂ ಇಲ್ಲ. ಎದುರುಗಾಳಿ ಸಿಕ್ಕರೆ ಸಮತಟ್ಟಾದ ದಾರಿಯೂ ಏರುದಾರಿ ಆಗಿಬಿಡುತ್ತದೆ.

ನಾನು ವೀಕೆಂಡ್‌ನಲ್ಲಿ ಮಾತ್ರ ಸೈಕಲ್ ಹೊಡೆಯುವವನು. ನನ್ನಿಂದ ಆಗುತ್ತಾ?

ಆಗುತ್ತದೆ. ನಂದಿ ಬೆಟ್ಟವನ್ನು ನಿಲ್ಲುತ್ತಾ ನಿಲ್ಲುತ್ತಾ ಹತ್ತಿದವರಿಗೆ ಇಲ್ಲಿನ ಯಾವ ಏರೂ ಹೊಸದಲ್ಲ. ಲ್ಯಾನರ್‌ಕಾಸ್ಟ್‌ನಿಂದ ಬ್ಯಾಂಕ್ಸ್ ಹಳ್ಳಿಗೆ ಹತ್ತುವಾಗ ಚಿಕ್ಕದಾದರೂ ಕಡಿದಾದ ಏರು ಇದೆ. ಹಾಲ್ಟ್‌ವಿಸಲ್‌ನಿಂದ ವಿಂಡೊಲಾಂಡಾ ಕಡೆಗೂ ಚೆನ್ನಾಗಿ ಬೆವರು ಇಳಿಯುತ್ತದೆ. ಇಳಿದು ತಳ್ಳಿಕೊಂಡು ಹೋಗುವವರು ಬೇಕಾದಷ್ಟು ಜನ ಇರುತ್ತಾರೆ. ಹೊರಡುವ ಮುಂಚೆ ಎರಡು ತಿಂಗಳು ವಾರದ ಕೊನೆಯ ಎರಡೂ ದಿನ ಬೆನ್ನುಬೆನ್ನಿಗೆ 40–50 ಕಿಲೋಮೀಟರ್ ತುಳಿಯಿರಿ. ಒಂದೇ ದಿನ ನೂರು ಹೊಡೆಯುವುದಕ್ಕಿಂತ ಮರುದಿನ ಮತ್ತೆ ಸೀಟಿನ ಮೇಲೆ ಕೂರುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಯಾವ ತಿಂಗಳು ಒಳ್ಳೆಯದು?

ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಜೂನ್‌ನಲ್ಲಿ ರಾತ್ರಿ ಹತ್ತರ ಹೊತ್ತಿಗೂ ಸ್ವಲ್ಪ ಬೆಳಕು ಉಳಿದಿರುತ್ತದೆ, ಆತುರ ಬೇಕಿಲ್ಲ. ಮಳೆ ಯಾವ ತಿಂಗಳಲ್ಲೂ ಬರಬಹುದು. ಮಲೆನಾಡಿನ ಹಾಗೆ ಸುರಿಯುವುದಿಲ್ಲ, ಹನಿಹನಿಯಾಗಿ ಗಂಟೆಗಟ್ಟಲೆ ನೆನೆಸುತ್ತದೆ. ಚಳಿಗಾಲದಲ್ಲಿ ಹಗಲು ತೀರಾ ಚಿಕ್ಕದು. ಹಲವು ಕೋಟೆ, ಮ್ಯೂಸಿಯಮ್‌ಗಳು ಮುಚ್ಚಿರುತ್ತವೆ ಅಥವಾ ಕೆಲವು ದಿನ ಮಾತ್ರ ತೆರೆದಿರುತ್ತವೆ.

## ತಯಾರಿ

ಎಂಥ ಸೈಕಲ್ ಬೇಕು? ರೋಡ್ ಬೈಕ್ ಸಾಕಾ?

ಹೆಚ್ಚಿನ ದಾರಿ ಡಾಂಬರು. ಮಧ್ಯೆ ಮಧ್ಯೆ ಜಲ್ಲಿ ಹಾದಿ, ಹಳೆಯ ರೈಲು ಹಳಿ ಇದ್ದ ಜಾಗ, ಕೆಸರಾಗುವ ತುಂಡುಗಳು ಸಿಗುತ್ತವೆ. ಹೈಬ್ರಿಡ್, ಟೂರಿಂಗ್ ಅಥವಾ ಗ್ರಾವೆಲ್ ಸೈಕಲ್ ಸರಿಹೋಗುತ್ತದೆ. ಟೈರ್ 32 ಮಿಲಿಮೀಟರ್‌ಗಿಂತ ದಪ್ಪ ಇರಲಿ. ತೆಳು ಟೈರಿನ ರೋಡ್ ಬೈಕ್‌ನಲ್ಲಿ ಹೋಗಬಹುದು, ಆದರೆ ಕೈ ಮರಗಟ್ಟುತ್ತದೆ. ಇ-ಬೈಕ್ ಆದರೂ ಚೆನ್ನ, ಉಳಿಯುವ ಕಡೆ ಚಾರ್ಜ್ ಮಾಡಲು ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಊರಿಂದ ಸೈಕಲ್ ತರೋದಾ, ಇಲ್ಲೇ ಬಾಡಿಗೆಗೆ ತಗೊಳ್ಳೋದಾ?

ಒಂದೇ ವಾರದ ಪ್ರವಾಸವಾದರೆ ಬಾಡಿಗೆಯೇ ವಾಸಿ. ವಿಮಾನಕ್ಕೆ ಸೈಕಲ್ ಡಬ್ಬಿಗೆ ತುಂಬುವುದು, ಖಾಲಿ ಡಬ್ಬಿ ಎಲ್ಲಿಡುವುದು ಎಂಬ ಚಿಂತೆ ತಪ್ಪುತ್ತದೆ. ಒಂದು ಕಡೆ ಸೈಕಲ್ ಕೊಟ್ಟು ಇನ್ನೊಂದು ಕೊನೆಯಲ್ಲಿ ವಾಪಸ್ ಪಡೆಯುವವರು, ರಾತ್ರಿ ಉಳಿಯುವ ಜಾಗಕ್ಕೆ ಬ್ಯಾಗ್ ಸಾಗಿಸುವವರು ಇಲ್ಲಿದ್ದಾರೆ. ನಿಮ್ಮ ಸ್ವಂತ ಸೀಟು, ಪೆಡಲ್ ಮಾತ್ರ ತಂದುಕೊಳ್ಳಿ. ಆರು ದಿನಕ್ಕೆ ಸೀಟು ದೊಡ್ಡ ವಿಷಯ.

ಆರಂಭದ ಜಾಗಕ್ಕೆ ತಲುಪುವುದು ಹೇಗೆ?

ರೇವನ್‌ಗ್ಲಾಸ್‌ಗೆ ರೈಲಿದೆ. ಕಾರ್ಲೈಲ್‌ಗೂ ಬ್ಯಾರೋಗೂ ನಡುವೆ ಓಡುವ ಕುಂಬ್ರಿಯಾ ಕರಾವಳಿ ರೈಲು ಅಲ್ಲಿ ನಿಲ್ಲುತ್ತದೆ. ಸೈಕಲ್‌ಗೆ ಟಿಕೆಟ್ ಬೇಡ. ಆದರೆ ಒಂದು ರೈಲಿನಲ್ಲಿ ಎರಡು ಸೈಕಲ್‌ಗೆ ಜಾಗ ಇರುತ್ತದೆ, ಮೊದಲು ಬಂದವರಿಗೆ ಮೊದಲು. ನಾಲ್ಕು ಜನರ ಗುಂಪಾದರೆ ಬೇರೆ ಬೇರೆ ರೈಲಿನಲ್ಲಿ ಬರುವ ಯೋಚನೆ ಮಾಡಿ. ಲಂಡನ್ನಿನಿಂದ ಬರುವ ದೂರದ ರೈಲುಗಳಲ್ಲಿ ಸೈಕಲ್ ಜಾಗವನ್ನು ಮುಂಗಡವಾಗಿ ಕಾದಿರಿಸಲೇಬೇಕು. ದಾರಿಯ ಬಹುಭಾಗದಲ್ಲಿ ರೈಲು ಹಳಿ ಹತ್ತಿರದಲ್ಲೇ ಇರುವುದು ದೊಡ್ಡ ಧೈರ್ಯ. ಕಾರ್ಲೈಲ್‌ನಿಂದ ನ್ಯೂಕ್ಯಾಸಲ್‌ವರೆಗೆ ಹಾಲ್ಟ್‌ವಿಸಲ್, ಬಾರ್ಡನ್ ಮಿಲ್, ಹೆಕ್ಸಮ್, ಕೋರ್‌ಬ್ರಿಜ್, ವೈಲಮ್ ಎಲ್ಲಕ್ಕೂ ಸ್ಟೇಷನ್ ಇದೆ. ಕಾಲು ಕೈಕೊಟ್ಟರೆ ರೈಲು ಹತ್ತಬಹುದು.

ನಾವು ಸಸ್ಯಾಹಾರಿಗಳು. ಊಟಕ್ಕೆ ಕಷ್ಟ ಆಗುತ್ತಾ?

ಉಪವಾಸ ಬೀಳುವುದಿಲ್ಲ. ಪಬ್‌ಗಳಲ್ಲಿ ಒಂದೆರಡು ಸಸ್ಯಾಹಾರಿ ತಿಂಡಿ ಇದ್ದೇ ಇರುತ್ತವೆ. ಕೆಫೆಯಲ್ಲಿ ಬೀನ್ಸ್, ಚೀಸ್ ಹಾಕಿದ ದೊಡ್ಡ ಬೇಯಿಸಿದ ಆಲೂಗಡ್ಡೆ ಸಿಗುತ್ತದೆ. ಸೈಕಲ್ ತುಳಿಯುವವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಕಾರ್ಲೈಲ್, ಹೆಕ್ಸಮ್, ನ್ಯೂಕ್ಯಾಸಲ್‌ನಲ್ಲಿ ಭಾರತೀಯ ಹೋಟೆಲ್‌ಗಳಿವೆ. ತೊಂದರೆ ಇರುವುದು ಸಮಯದ್ದು. ಹಳ್ಳಿಯ ಅಡುಗೆಮನೆಗಳು ಮಧ್ಯಾಹ್ನ ಎರಡಕ್ಕೆ ಮುಚ್ಚಿ ಸಂಜೆ ಮತ್ತೆ ತೆರೆಯುತ್ತವೆ, ವಾರದ ಮೊದಲ ದಿನಗಳಲ್ಲಿ ಕೆಲವು ಕಡೆ ತೆರೆಯುವುದೇ ಇಲ್ಲ. ಸಿಲ್ಲತ್ ಬಿಟ್ಟ ಮೇಲೆ ಕಾರ್ಲೈಲ್‌ವರೆಗೆ ಅಂಗಡಿ ತೀರಾ ಕಡಿಮೆ.

ಒಗ್ಗರಣೆ ಅವಲಕ್ಕಿ, ಚಟ್ನಿಪುಡಿ, ಕಡಲೆಕಾಯಿ ಚಿಕ್ಕಿ ಬ್ಯಾಗಿನಲ್ಲಿರಲಿ. ಭಾರತದಿಂದ ಹಾಲಿನ ಸಿಹಿ, ತುಪ್ಪ ತರುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡುಬಿಡುತ್ತಾರೆ.

ರಾತ್ರಿ ಎಲ್ಲಿ ಉಳಿಯೋದು? ಟೆಂಟ್ ಹಾಕಬಹುದಾ?

ಊರೂರಿಗೂ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಮನೆಗಳಿವೆ. ಬಹುತೇಕ ಕಡೆ ಸೈಕಲ್ ಇಡಲು ಶೆಡ್ ಅಥವಾ ಗ್ಯಾರೇಜ್ ಕೊಡುತ್ತಾರೆ. ವಿಂಡೊಲಾಂಡಾ ಹತ್ತಿರದ ವನ್ಸ್ ಬ್ರೂಡ್‌ನಲ್ಲಿ ದಿ ಸಿಲ್ ಎಂಬ ಯೂತ್ ಹಾಸ್ಟೆಲ್ ಇದೆ. ಗೋಡೆಯ ಅತಿ ಚೆಂದದ ಭಾಗಕ್ಕೆ ನಡೆದೇ ಹೋಗುವಷ್ಟು ಹತ್ತಿರ. ಟೆಂಟ್ ಆದರೆ ಕ್ಯಾಂಪ್‌ಸೈಟ್‌ನಲ್ಲೇ ಹಾಕಿ. ಇಲ್ಲಿ ಜಮೀನಿನ ಯಜಮಾನರ ಒಪ್ಪಿಗೆ ಇಲ್ಲದೆ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ಜುಲೈ, ಆಗಸ್ಟ್‌ನಲ್ಲಿ ಶಾಲೆಗೆ ರಜೆ, ಹಾಗಾಗಿ ತಿಂಗಳುಗಟ್ಟಲೆ ಮೊದಲೇ ಜಾಗ ಹಿಡಿಯಿರಿ.

## ದಾರಿಯಲ್ಲಿ

ಟ್ರಾಫಿಕ್ ಭಯ ಇದೆಯಾ? ಒಬ್ಬಳೇ ಹೋಗಬಹುದಾ?

ಹೋಗಬಹುದು, ಹೋಗುವವರು ತುಂಬಾ ಜನ. ರಸ್ತೆಯ ಎಡಕ್ಕೆ ಚಲಿಸುವುದು ನಮ್ಮ ಹಾಗೇ ಇರುವುದರಿಂದ ತಲೆ ತಿರುಗುವುದಿಲ್ಲ. ಹಳ್ಳಿ ರಸ್ತೆಗಳಲ್ಲಿ ವಾಹನ ಕಡಿಮೆ. ಬಂದರೂ ಸಾಮಾನ್ಯವಾಗಿ ಹಿಂದೆ ಕಾದು, ಜಾಗ ಬಿಟ್ಟು ದಾಟುತ್ತಾರೆ. ಆದರೆ ಕಿರಿದಾದ ರಸ್ತೆಯ ಎರಡೂ ಬದಿ ಎತ್ತರದ ಬೇಲಿ ಇರುವಾಗ ತಿರುವಿನಲ್ಲಿ ಟ್ರಾಕ್ಟರ್ ಎದುರಾಗಬಹುದು, ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕೈ ಇರಲಿ.

ಒಂದು ರಸ್ತೆಯಿಂದ ಮಾತ್ರ ದೂರ ಇರಿ. ಗೋಡೆಗೆ ಸಮಾನಾಂತರವಾಗಿ ಹೋಗುವ ಬಿ 6318, ಅಂದರೆ ಹಳೆಯ ಮಿಲಿಟರಿ ರೋಡ್. ನಕಾಶೆಯಲ್ಲಿ ನೇರವಾಗಿ, ಆಕರ್ಷಕವಾಗಿ ಕಾಣುತ್ತದೆ. ಕಾರುಗಳು ವೇಗವಾಗಿ ಬರುತ್ತವೆ, ಉಬ್ಬುತಗ್ಗುಗಳಲ್ಲಿ ಸೈಕಲ್ ಕಾಣುವುದೇ ಇಲ್ಲ.

ಕೆಲವು ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ನಕಾಶೆ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ರಾತ್ರಿ ಉಳಿಯುವ ಮನೆಯವರಿಗೆ ಬರುವ ಹೊತ್ತು ತಿಳಿಸಿ. ತುರ್ತಿಗೆ 999.

ರಸ್ತೆ ಮೇಲೆ ಸಮುದ್ರದ ನೀರು ಬರುತ್ತೆ ಅಂತಾರೆ, ನಿಜಾನಾ?

ನಿಜ. ಬೌನೆಸ್‌ನಿಂದ ಬರ್ಗ್ ಬೈ ಸ್ಯಾಂಡ್ಸ್ ಕಡೆಗೆ ಸಾಲ್ವೇ ಕೊಲ್ಲಿಯ ಅಂಚಿನಲ್ಲಿ ರಸ್ತೆ ಜೌಗು ಹುಲ್ಲುಗಾವಲಿನ ಮೇಲೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಉಬ್ಬರದಲ್ಲಿ ಆ ರಸ್ತೆಯೇ ನೀರಿನಡಿ ಹೋಗುತ್ತದೆ. ನೀರು ಎಷ್ಟು ಆಳ ಬರಬಹುದು ಅಂತ ಹೇಳುವ ಫಲಕಗಳು ರಸ್ತೆ ಬದಿಯಲ್ಲಿವೆ. ಹೊರಡುವ ಮುಂಚೆ ಸಿಲ್ಲತ್‌ನ ಉಬ್ಬರದ ವೇಳಾಪಟ್ಟಿ ನೋಡಿ. ನೀರು ಬಂದಿದ್ದರೆ ಕಾಯಿರಿ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಉಪ್ಪುನೀರಿನಲ್ಲಿ ಸೈಕಲ್ ನುಗ್ಗಿಸಿದರೆ ಚೈನ್, ಬೇರಿಂಗ್ ಹಾಳಾಗುವುದು ಖಂಡಿತ.

ಇದೇ ಜೌಗಿನಲ್ಲಿ 1307ರ ಜುಲೈ 7ರಂದು ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್, ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋಗುತ್ತಾ ತೀರಿಕೊಂಡ. ಬಯಲ ನಡುವೆ ಅವನ ಸ್ಮಾರಕ ಕಂಬ ಒಂಟಿಯಾಗಿ ನಿಂತಿದೆ.

ಪಂಕ್ಚರ್ ಜಾಸ್ತಿ ಆಗುತ್ತಾ? ಹಸು, ಕುರಿ ಕಾಟ?

ಹಳ್ಳಿ ರಸ್ತೆಗಳ ಬೇಲಿ ಹೆಚ್ಚಾಗಿ ಹಾಥಾರ್ನ್ ಎಂಬ ಮುಳ್ಳುಗಿಡದ್ದು. ಬೇಸಿಗೆ ಮುಗಿದ ಮೇಲೆ ಅದನ್ನು ಯಂತ್ರದಲ್ಲಿ ಕತ್ತರಿಸುತ್ತಾರೆ, ಮುಳ್ಳು ರಸ್ತೆ ತುಂಬಾ ಚೆಲ್ಲಿರುತ್ತದೆ. ಎರಡು ಟ್ಯೂಬ್, ಪ್ಯಾಚ್, ಪಂಪ್ ಜೊತೆಗಿರಲೇಬೇಕು. ಜಾನುವಾರು ದಾಟದಂತೆ ರಸ್ತೆಗೆ ಅಡ್ಡಲಾಗಿ ಹಾಕಿದ ಕಬ್ಬಿಣದ ಸರಳುಗಳು ಮಳೆಯಲ್ಲಿ ಜಾರುತ್ತವೆ. ಅವನ್ನು ಓರೆಯಾಗಿ ದಾಟಬೇಡಿ, ಹ್ಯಾಂಡಲ್ ನೇರ ಇಟ್ಟು, ಬ್ರೇಕ್ ಹಿಡಿಯದೆ ದಾಟಿ. ತೆರೆದ ಗೇಟನ್ನು ಹಾಗೇ ಬಿಡಿ, ಮುಚ್ಚಿದ ಗೇಟನ್ನು ದಾಟಿ ಮತ್ತೆ ಮುಚ್ಚಿ.

ಮಕ್ಕಳ ಜೊತೆ ಬರಬೇಕು. ಯಾವ ಭಾಗ ಸುಲಭ?

ವೈಲಮ್‌ನಿಂದ ನ್ಯೂಕ್ಯಾಸಲ್ ನದಿದಂಡೆಯವರೆಗೆ. ಸಮತಟ್ಟು, ಹೆಚ್ಚಿನ ಕಡೆ ವಾಹನವೇ ಇಲ್ಲದ ಹಾದಿ, ಎರಡೂ ಕಡೆ ರೈಲು ನಿಲ್ದಾಣ. ರೈಲ್ವೆ ಎಂಜಿನ್‌ಗಳಿಗೆ ಹೆಸರಾದ ಜಾರ್ಜ್ ಸ್ಟೀಫನ್‌ಸನ್ 1781ರಲ್ಲಿ ಹುಟ್ಟಿದ ಮನೆ ವೈಲಮ್‌ನಲ್ಲಿ ಹಾದಿಯ ಪಕ್ಕದಲ್ಲೇ ಇದೆ. ರೈಲು ಹುಚ್ಚಿನ ಮಕ್ಕಳಿಗೆ ರೇವನ್‌ಗ್ಲಾಸ್‌ನ ಪುಟಾಣಿ ರೈಲೂ ಇಷ್ಟ ಆಗುತ್ತದೆ. 1875ರಲ್ಲಿ ಶುರುವಾದ ಆ ರೈಲುಮಾರ್ಗ ಎಸ್ಕ್‌ಡೇಲ್ ಕಣಿವೆಗೆ ಹೋಗುತ್ತದೆ.

## ರೋಮನ್ನರ ಕುರಿತು

ಈ ಗೋಡೆ ಕಟ್ಟಿದ್ದು ಯಾರು, ಯಾಕೆ?

ಸಾಮ್ರಾಟ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಬ್ರಿಟನ್ನಿಗೆ ಬಂದ. ಆ ಹೊತ್ತಿನಲ್ಲೇ ಕೆಲಸ ಶುರುವಾಯಿತು. ಪೂರ್ವದ ವಾಲ್‌ಸೆಂಡ್‌ನಿಂದ ಪಶ್ಚಿಮದ ಬೌನೆಸ್‌ವರೆಗೆ 117 ಕಿಲೋಮೀಟರ್, ರೋಮನ್ ಅಳತೆಯಲ್ಲಿ 80 ಮೈಲಿ. ಪ್ರತಿ ರೋಮನ್ ಮೈಲಿಗೆ ಬಾಗಿಲಿರುವ ಒಂದು ಪುಟ್ಟ ಕೋಟೆ, ಎರಡು ಕೋಟೆಗಳ ನಡುವೆ ಎರಡು ಕಾವಲು ಗೋಪುರ. ಮೂರು ಲೀಜನ್‌ಗಳ (ರೋಮನ್ ಸೇನೆಯ ದೊಡ್ಡ ದಳಗಳು) ಸೈನಿಕರೇ ಕಲ್ಲು ಒಡೆದು ಕಟ್ಟಿದರು. ಪಶ್ಚಿಮದ ಭಾಗ ಮೊದಲು ಹುಲ್ಲುಹೆಂಟೆಯ ಮಣ್ಣುಗೋಡೆಯಾಗಿತ್ತು, ಆಮೇಲೆ ಕಲ್ಲಿಗೆ ಬದಲಾಯಿತು.

ಯಾಕೆ ಎಂಬುದಕ್ಕೆ ಪುರಾತನ ಬರಹವೊಂದು ರೋಮನ್ನರನ್ನೂ ಅನಾಗರಿಕರನ್ನೂ ಬೇರ್ಪಡಿಸಲು ಎಂದು ಹೇಳುತ್ತದೆ. ಆದರೆ ಮೈಲಿಗೊಂದು ಬಾಗಿಲು ಇಟ್ಟು ಕಟ್ಟಿದ ಗೋಡೆ ಬರೀ ತಡೆಯಲು ಇದ್ದದ್ದಲ್ಲ. ಯಾರು ಬರುತ್ತಾರೆ, ಏನು ತರುತ್ತಾರೆ ಎಂದು ನೋಡಿ ಬಿಡುವ ಜಾಗವೂ ಆಗಿತ್ತು. 1987ರಿಂದ ಇದು ಯುನೆಸ್ಕೋ ವಿಶ್ವ ಪರಂಪರೆಯ ತಾಣ.

ಗೋಡೆ ಬೌನೆಸ್‌ನಲ್ಲೇ ಮುಗಿಯುತ್ತಲ್ಲ, ದಾರಿ ಅಷ್ಟು ದಕ್ಷಿಣದ ರೇವನ್‌ಗ್ಲಾಸ್‌ನಿಂದ ಯಾಕೆ ಶುರು?

ಗೋಡೆ ಮುಗಿದರೂ ಗಡಿ ಮುಗಿಯಲಿಲ್ಲ. ಕೊಲ್ಲಿ ದಾಟಿ ದೋಣಿಯಲ್ಲಿ ಬರುವವರನ್ನು ಕಾಯಲು ಕರಾವಳಿಯುದ್ದಕ್ಕೂ ಪುಟ್ಟ ಕೋಟೆ, ಗೋಪುರಗಳನ್ನು ಕಟ್ಟಿದರು. ಮೇರಿಪೋರ್ಟ್ ದಾಟಿ ಅಲನ್‌ಬಿ ಕಡೆ ಹೋಗುವಾಗ ಕ್ರಾಸ್‌ಕ್ಯಾನನ್‌ಬಿ ಹತ್ತಿರ ಅಂಥ ಒಂದು ಕೋಟೆಯ ಗುರುತು ಕಾಣಬಹುದು. ರೇವನ್‌ಗ್ಲಾಸ್‌ನಲ್ಲಿ ರೋಮನ್ ಸ್ನಾನದ ಮನೆ ಇದೆ. ಗೋಡೆಗಳು ಇವತ್ತಿಗೂ ಸುಮಾರು ನಾಲ್ಕು ಮೀಟರ್ ಎತ್ತರ ನಿಂತಿವೆ, ಒಳಗಿನ ಗಾರೆ ಕೂಡ ಅಲ್ಲಲ್ಲಿ ಉಳಿದಿದೆ. ಟಿಕೆಟ್ ಇಲ್ಲ, ಕಾವಲುಗಾರರಿಲ್ಲ. ಮರಗಳ ನಡುವಿನ ಹಾದಿಯಲ್ಲಿ ಸುಮ್ನೆ ಹೋಗಿ ನೋಡಿಬರಬಹುದು. ಮೇರಿಪೋರ್ಟ್‌ನ ಸೆನ್‌ಹೌಸ್ ಮ್ಯೂಸಿಯಮ್‌ನಲ್ಲಿ ಜುಪಿಟರ್ ದೇವರಿಗೆ ಅರ್ಪಿಸಿದ ಕಲ್ಲಿನ ಬಲಿಪೀಠಗಳ ಸಾಲೇ ಇದೆ.

ಇದು ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿ ಅಲ್ವಾ?

ಅಲ್ಲ. ಇಡೀ ಗೋಡೆ ಇಂಗ್ಲೆಂಡಿನೊಳಗೇ ಇದೆ. ಬೌನೆಸ್‌ನಲ್ಲಿ ನೀರಿನ ಆಚೆ ದಡ ಸ್ಕಾಟ್ಲೆಂಡ್, ಬರಿಗಣ್ಣಿಗೆ ಕಾಣುತ್ತದೆ. ಪೂರ್ವದ ಕೊನೆಯಲ್ಲಿ ಇವತ್ತಿನ ಗಡಿ ಎಷ್ಟೋ ಹತ್ತಾರು ಕಿಲೋಮೀಟರ್ ಉತ್ತರಕ್ಕಿದೆ. ಗೋಡೆ ಕಟ್ಟಿದಾಗ ಎರಡೂ ದೇಶಗಳು ಇರಲೇ ಇಲ್ಲ.

ಒಂದೇ ಒಂದು ಜಾಗ ನೋಡಲು ಸಮಯ ಇದ್ದರೆ ಯಾವುದು?

ವಿಂಡೊಲಾಂಡಾ. ಇದಕ್ಕೆ ಎರಡು ಮಾತಿಲ್ಲ.

ಗೋಡೆಗಿಂತ ಹಳೆಯ ಕೋಟೆ ಇದು. ಮರದ ಕೋಟೆಯನ್ನು ಕೆಡವಿ, ಮೇಲೆ ಮಣ್ಣು ಹಾಸಿ, ಮತ್ತೆ ಕಟ್ಟುತ್ತಾ ಹೋದರು. ಕೆಳಗಿನ ಪದರಕ್ಕೆ ಗಾಳಿಯೇ ಸಿಗದೆ ಹೋಯಿತು. ಹಾಗಾಗಿ ಬೇರೆ ಕಡೆ ಕೊಳೆತು ಹೋಗುವ ತೊಗಲು, ಮರ, ಬಟ್ಟೆ ಇಲ್ಲಿ ಉಳಿದವು. ಐದು ಸಾವಿರಕ್ಕೂ ಜಾಸ್ತಿ ಚಪ್ಪಲಿ, ಬೂಟು ಸಿಕ್ಕಿವೆ. ಪುಟ್ಟ ಮಕ್ಕಳ ಬೂಟುಗಳೂ ಇವೆ, ಅಂದರೆ ಇಲ್ಲಿದ್ದದ್ದು ಬರೀ ಸೈನಿಕರಲ್ಲ.

1973ರಲ್ಲಿ ಪುರಾತತ್ತ್ವಜ್ಞ ರಾಬಿನ್ ಬರ್ಲಿ ತಂಡಕ್ಕೆ ಮರದ ತೆಳು ಹಲಗೆಗಳು ಸಿಕ್ಕವು. ಶಾಯಿಯಲ್ಲಿ ಬರೆದ ಪತ್ರಗಳು. ಕ್ರಿ.ಶ. 100ರ ಆಸುಪಾಸಿನಲ್ಲಿ ಕ್ಲಾಡಿಯಾ ಸೆವೆರಾ ಎಂಬ ಹೆಂಗಸು ಇಲ್ಲಿನ ಅಧಿಕಾರಿಯ ಹೆಂಡತಿ ಸಲ್ಪಿಸಿಯಾ ಲೆಪಿಡಿನಾಳನ್ನು ತನ್ನ ಹುಟ್ಟುಹಬ್ಬಕ್ಕೆ ಕರೆಯುತ್ತಾಳೆ. ಪತ್ರದ ಮುಖ್ಯ ಭಾಗ ಗುಮಾಸ್ತನ ನೀಟಾದ ಕೈಬರಹ. ಕೊನೆಯ ಸಾಲುಗಳು ಮಾತ್ರ ಬೇರೆ ಅಕ್ಷರ, ಅಷ್ಟು ಪಳಗದ ಕೈ. ಬೀಳ್ಕೊಡುವ ಮಾತನ್ನು ಅವಳೇ ಬರೆದಳು. ಹೆಂಗಸೊಬ್ಬಳು ಲ್ಯಾಟಿನ್‌ನಲ್ಲಿ ಬರೆದ ಅತಿ ಹಳೆಯ ಕೈಬರಹಗಳಲ್ಲಿ ಇದೂ ಒಂದು. ಇನ್ನೊಂದು ಪತ್ರದಲ್ಲಿ ಯಾರೋ ಯಾರಿಗೋ ಕಾಲುಚೀಲ, ಒಳಉಡುಪು ಕಳಿಸಿದ ಸುದ್ದಿ ಇದೆ. ಮಳೆಯಲ್ಲಿ ನೆನೆದು ಬಂದ ಸೈಕಲಿಗರಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.

ಬಹುತೇಕ ಹಲಗೆಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್‌ನಲ್ಲಿವೆ, ಕೆಲವು ಇಲ್ಲೇ ನೋಡಲು ಸಿಗುತ್ತವೆ. ಅರ್ಧ ದಿನ ಇಡಿ. ಬೇಸಿಗೆಯಲ್ಲಿ ಹೋದರೆ ಇವತ್ತಿಗೂ ನಡೆಯುತ್ತಿರುವ ಉತ್ಖನನವನ್ನು ಪಕ್ಕದಲ್ಲೇ ನಿಂತು ನೋಡಬಹುದು.

ಗೋಡೆ ಚೆನ್ನಾಗಿ ಕಾಣುವ ಭಾಗ ಎಲ್ಲಿ? ಎಷ್ಟು ನಡೆಯಬೇಕು?

ದಿ ಸಿಲ್‌ನಲ್ಲಿ ಸೈಕಲ್ ನಿಲ್ಲಿಸಿ ಸ್ಟೀಲ್ ರಿಗ್‌ಗೆ ಹತ್ತಿ, ಅಲ್ಲಿಂದ ಪೂರ್ವಕ್ಕೆ ಹೌಸ್‌ಸ್ಟೆಡ್ಸ್ ಕೋಟೆಯವರೆಗೆ ನಡೆಯಿರಿ. ಒಂದು ಕಡೆಗೆ ಸುಮಾರು ಐದು ಕಿಲೋಮೀಟರ್. ವಿನ್ ಸಿಲ್ ಎಂಬ ಕಪ್ಪು ಬಂಡೆಯ ಕಡಿದಾದ ಅಂಚಿನ ಮೇಲೆ ಗೋಡೆ ಏರಿ ಇಳಿಯುತ್ತಾ ಹೋಗುತ್ತದೆ. ಇಲ್ಲೇ ಸಿಕಮೋರ್ ಗ್ಯಾಪ್ ಇದೆ. ಎರಡು ದಿಬ್ಬಗಳ ನಡುವೆ ಒಂಟಿಯಾಗಿ ನಿಂತಿದ್ದ ಆ ಪ್ರಸಿದ್ಧ ಮರವನ್ನು 2023ರ ಸೆಪ್ಟೆಂಬರ್‌ನಲ್ಲಿ ರಾತ್ರೋರಾತ್ರಿ ಕಡಿದುಹಾಕಿದರು. 2025ರಲ್ಲಿ ಇಬ್ಬರಿಗೆ ಜೈಲು ಶಿಕ್ಷೆಯಾಯಿತು. ಬುಡದಿಂದ ಹೊಸ ಚಿಗುರು ಒಡೆದಿದೆ. ಸುತ್ತಲಿನ ಬೇಲಿ ದಾಟಬೇಡಿ.

ಹೌಸ್‌ಸ್ಟೆಡ್ಸ್‌ನಲ್ಲಿ ಸೈನಿಕರ ಸಾಮೂಹಿಕ ಶೌಚಾಲಯ ಚೆನ್ನಾಗಿ ಉಳಿದಿದೆ, ನೀರು ಹರಿಯುವ ಕಾಲುವೆ ಸಮೇತ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಇಷ್ಟು ದೊಡ್ಡ ಗೋಡೆಯ ಕಲ್ಲೆಲ್ಲ ಎಲ್ಲಿಗೆ ಹೋಯಿತು?

ನಿಮ್ಮ ದಾರಿಯ ಅಕ್ಕಪಕ್ಕಕ್ಕೇ. ರೋಮನ್ ಆಳ್ವಿಕೆ ಸುಮಾರು 410ಕ್ಕೆ ಮುಗಿದ ಮೇಲೆ ಈ ಕತ್ತರಿಸಿದ ಕಲ್ಲು ಸುತ್ತಲಿನವರಿಗೆ ಸಿದ್ಧ ಸರಕಾಯಿತು. ಹನ್ನೆರಡನೇ ಶತಮಾನದ ಲ್ಯಾನರ್‌ಕಾಸ್ಟ್ ಮಠ ಅದರಿಂದಲೇ ಎದ್ದಿತು. ಎಷ್ಟೋ ತೋಟದ ಮನೆ, ಕೊಟ್ಟಿಗೆಗಳಲ್ಲೂ ಅದೇ ಕಲ್ಲು. 1745ರಲ್ಲಿ, ಪದಚ್ಯುತ ಸ್ಟುವರ್ಟ್ ರಾಜಮನೆತನದ ಬೆಂಬಲಿಗರ ಜಾಕೊಬೈಟ್ ದಂಗೆಯಲ್ಲಿ, ಸರ್ಕಾರದ ಸೈನ್ಯ ಪೂರ್ವದಿಂದ ಪಶ್ಚಿಮಕ್ಕೆ ಬೇಗ ಸಾಗಲು ಆಗಲಿಲ್ಲ. ಅದಾದ ಮೇಲೆ ಮಿಲಿಟರಿ ರೋಡ್ ಮಾಡಿದರು. ಅದಕ್ಕಾಗಿ ಮೈಲಿಗಟ್ಟಲೆ ಗೋಡೆ ಕೆಡವಿ, ಅದರ ಬುನಾದಿಯ ಮೇಲೇ ರಸ್ತೆ ಹಾಸಿದರು. ಉಳಿದದ್ದನ್ನು ಕಾಪಾಡಿದ ಕೀರ್ತಿ ದೊಡ್ಡ ಮಟ್ಟಿಗೆ ನ್ಯೂಕ್ಯಾಸಲ್‌ನ ಜಾನ್ ಕ್ಲೇಟನ್‌ಗೆ ಸಲ್ಲಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಅವನು ಗೋಡೆ ಇದ್ದ ಜಮೀನುಗಳನ್ನೇ ಒಂದೊಂದಾಗಿ ಕೊಂಡುಕೊಂಡ.

ಹೆಕ್ಸಮ್ ಆಬಿ ಎಂಬ ಹಳೆಯ ಚರ್ಚಿನ ನೆಲಮಾಳಿಗೆಗೆ ಇಳಿಯದೆ ಮುಂದೆ ಹೋಗಬೇಡಿ. 674ರ ಸುಮಾರಿಗೆ ಬಿಷಪ್ ವಿಲ್ಫ್ರಿಡ್ ಕಟ್ಟಿಸಿದ್ದು. ಕಲ್ಲುಗಳೆಲ್ಲ ರೋಮನ್ನರವು. ಒಂದು ಕಲ್ಲಿನ ಶಾಸನದಲ್ಲಿ ಸಾಮ್ರಾಟ ಸೆವೆರಸ್ ಮತ್ತು ಅವನ ಇಬ್ಬರು ಮಕ್ಕಳ ಹೆಸರಿತ್ತು. ಅದರಲ್ಲಿ ಗೇಟಾನ ಹೆಸರನ್ನು ಉಳಿಯಿಂದ ಕೆತ್ತಿ ಅಳಿಸಿದ್ದಾರೆ. ಅಣ್ಣ ಕ್ಯಾರಕಲ್ಲಾ ಅವನನ್ನು ಕೊಲ್ಲಿಸಿ, ಸಾಮ್ರಾಜ್ಯದಲ್ಲೆಲ್ಲ ಹೆಸರೂ ಇರಕೂಡದು ಎಂದು ಆಜ್ಞೆ ಮಾಡಿದ್ದ. ಮೇಲೆ ಬಂದರೆ ಮೆಟ್ಟಿಲ ಬುಡದಲ್ಲಿ ಫ್ಲಾವಿನಸ್ ಎಂಬ ಅಶ್ವಸೈನಿಕನ ಸಮಾಧಿಕಲ್ಲು. ಧ್ವಜ ಹಿಡಿಯುವವನು, ಸತ್ತಾಗ 25 ವರ್ಷ. ನಮ್ಮ ಊರ ಮುಂದಿನ ವೀರಗಲ್ಲುಗಳನ್ನು ನೋಡಿ ಬೆಳೆದವರು ಅದರ ಮುಂದೆ ನಿಲ್ಲದೆ ಹೋಗಲಾರರು. ಕುದುರೆಯ ಕಾಲಡಿಯಲ್ಲಿ ಮುದುಡಿಕೊಂಡ ಶತ್ರು, ಅವನ ಕೈಯಲ್ಲಿ ಇನ್ನೂ ಕತ್ತಿ.

ಕಾವಲಿಗಿದ್ದವರೆಲ್ಲ ರೋಮ್‌ನಿಂದ ಬಂದವರಾ?

ತೀರಾ ಕಡಿಮೆ ಜನ. ಇವತ್ತಿನ ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಕಡೆಯ ಬಟೇವಿಯರು, ಟಂಗ್ರಿಯರು ವಿಂಡೊಲಾಂಡಾದಲ್ಲಿದ್ದರು. ಬರ್ಡೊಸ್ವಾಲ್ಡ್‌ನಲ್ಲಿ ಈಗಿನ ರುಮೇನಿಯಾ ಕಡೆಯ ಡೇಸಿಯನ್ನರ ಹೆಸರಿನ ಪಡೆ, ಚೆಸ್ಟರ್ಸ್ ಕೋಟೆಯಲ್ಲಿ ಸ್ಪೇನ್‌ನ ಅಶ್ವದಳ. ಬರ್ಗ್ ಬೈ ಸ್ಯಾಂಡ್ಸ್‌ನಲ್ಲಿ ಉತ್ತರ ಆಫ್ರಿಕಾದ ಮೂರ್ ಪಡೆ. ಸೌತ್ ಶೀಲ್ಡ್ಸ್‌ನಲ್ಲಿ ಟೈಗ್ರಿಸ್ ನದಿಯ ದೋಣಿಗಾರರ ಪಡೆ.

ಆ ಸೌತ್ ಶೀಲ್ಡ್ಸ್‌ನ ಅರ್ಬಿಯಾ ಕೋಟೆಯ ಮ್ಯೂಸಿಯಮ್‌ನಲ್ಲಿ ರೆಜಿನಾಳ ಸಮಾಧಿಕಲ್ಲು ಇದೆ. ಅವಳು ದಕ್ಷಿಣ ಇಂಗ್ಲೆಂಡಿನ ಕ್ಯಾಟುವೆಲ್ಲೌನಿ ಕುಲದವಳು, ಒಮ್ಮೆ ದಾಸಿಯಾಗಿದ್ದವಳು. ಸಿರಿಯಾದ ಪಾಲ್ಮೈರಾದಿಂದ ಬಂದ ಬರಾಟೀಸ್ ಅವಳನ್ನು ಬಿಡುಗಡೆ ಮಾಡಿ ಮದುವೆಯಾದ. ಮೂವತ್ತಕ್ಕೇ ತೀರಿಕೊಂಡಳು. ಕಲ್ಲಿನಲ್ಲಿ ಅವಳು ಬೆತ್ತದ ಕುರ್ಚಿಯಲ್ಲಿ ಕೂತಿದ್ದಾಳೆ, ಮಡಿಲಲ್ಲಿ ನೂಲುವ ಕದಿರು, ಒಂದು ಪಕ್ಕ ಉಣ್ಣೆ ಉಂಡೆಗಳ ಬುಟ್ಟಿ, ಇನ್ನೊಂದು ಪಕ್ಕ ಒಡವೆ ಪೆಟ್ಟಿಗೆ. ಮುಖ ಒಡೆದುಹೋಗಿದೆ. ಕೆಳಗೆ ಲ್ಯಾಟಿನ್ ಬರಹ ಸ್ವಲ್ಪ ತಪ್ಪುತಪ್ಪು. ಅದರ ಕೆಳಗೆ ಬರಾಟೀಸನ ತಾಯ್ನುಡಿಯ ಲಿಪಿಯಲ್ಲಿ ಒಂದು ಸಾಲು, ಚೆಂದವಾಗಿ, ಸರಾಗವಾಗಿ ಕೆತ್ತಿದ್ದು: ಬರಾಟೀಸನಿಂದ ಬಿಡುಗಡೆಯಾದ ರೆಜಿನಾ, ಅಯ್ಯೋ. ಆ ಊರಿನಲ್ಲಿ ಅದನ್ನು ಓದಬಲ್ಲವರು ಎಷ್ಟು ಜನ ಇದ್ದಿರಬಹುದು? ಆದರೂ ಬರೆಸಿದ. ಊರು ಬಿಟ್ಟು ಬಂದು ಇಲ್ಲಿ ನೆಲೆಸಿದ ನಮ್ಮಂಥವರಿಗೆ ಆ ಸಾಲು ಬೇರೆಯೇ ರೀತಿಯಲ್ಲಿ ತಾಗುತ್ತದೆ. ಈ ಕಲ್ಲಿಗಾಗಿಯೇ ದಾರಿಯನ್ನು ಪೂರ್ವದಲ್ಲಿ ಮುಗಿಸಿ ಎಂದು ಎಲ್ಲರಿಗೂ ಹೇಳುತ್ತೇನೆ.

ರೋಮನ್ನರಿಗೂ ನಮ್ಮ ಕಡೆಗೂ ಏನಾದರೂ ಸಂಬಂಧ ಇತ್ತಾ?

ಇತ್ತು, ವ್ಯಾಪಾರದ ಸಂಬಂಧ. ವಿಂಡೊಲಾಂಡಾದ ಒಂದು ಹಲಗೆಯಲ್ಲಿ ಗಾಂಬಾಕ್ಸ್ ಎಂಬ ಸೈನಿಕನ ಲೆಕ್ಕದಲ್ಲಿ ಮೆಣಸು, 2 ದಿನಾರಿ (ರೋಮನ್ ಬೆಳ್ಳಿ ನಾಣ್ಯ) ಎಂದಿದೆ. ಕರಿಮೆಣಸು ಆಗ ರೋಮನ್ ಲೋಕಕ್ಕೆ ಹೋಗುತ್ತಿದ್ದದ್ದು ಭಾರತದ ಪಶ್ಚಿಮ ಕರಾವಳಿಯಿಂದ. ಘಟ್ಟದಲ್ಲಿ ಬೆಳೆದ ಕಾಳು ಹಡಗು, ಒಂಟೆ, ಮತ್ತೆ ಹಡಗು ಏರಿ ಈ ಮಳೆಯ ಗಡಿಗೆ ಬಂದು ಸೈನಿಕನ ಸಾರಿಗೆ ಬಿತ್ತು. ಅದಕ್ಕೆ ಕೊಟ್ಟ ಬೆಳ್ಳಿ ಇತ್ತ ಬಂತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಕಾಲದ ನಾಣ್ಯ ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲೂ ಹತ್ತೊಂಬತ್ತನೇ ಶತಮಾನದ ಕೊನೆಗೆ ರೋಮನ್ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತ್ತು.

ಎಲ್ಲ ಕಡೆ ಟಿಕೆಟ್ ತಗೊಂಡರೆ ಜೇಬು ಖಾಲಿ ಆಗಲ್ವಾ?

ಬರ್ಡೊಸ್ವಾಲ್ಡ್, ಹೌಸ್‌ಸ್ಟೆಡ್ಸ್, ಚೆಸ್ಟರ್ಸ್, ಕೋರ್‌ಬ್ರಿಜ್ ಇಂಗ್ಲಿಷ್ ಹೆರಿಟೇಜ್ ಎಂಬ ಸಂಸ್ಥೆಯ ಕೈಯಲ್ಲಿವೆ. ಹೊರದೇಶದಿಂದ ಬಂದವರಿಗೆ ಅವರ ಕೆಲವು ದಿನಗಳ ಪಾಸ್ ಸಿಗುತ್ತದೆ, ಮೂರು ಕಡೆ ನೋಡುವವರು ವಿಚಾರಿಸಲೇಬೇಕು. ವಿಂಡೊಲಾಂಡಾ ಬೇರೆ ಟ್ರಸ್ಟಿನದು, ಟಿಕೆಟ್ ಬೇರೆ. ನ್ಯೂಕ್ಯಾಸಲ್‌ನ ಗ್ರೇಟ್ ನಾರ್ತ್ ಮ್ಯೂಸಿಯಮ್‌ಗೆ ಪ್ರವೇಶ ಉಚಿತ. ಗೋಡೆಯ ಉದ್ದಕ್ಕೂ ಸಿಕ್ಕ ಶಾಸನ, ವಿಗ್ರಹಗಳ ದೊಡ್ಡ ಸಂಗ್ರಹ ಅಲ್ಲಿದೆ.

ಕೊನೆಯಲ್ಲಿ ನದಿ ದಾಟೋದು ಹೇಗೆ? ಸೇತುವೆ ಇದೆಯಾ?

ನ್ಯೂಕ್ಯಾಸಲ್‌ನಿಂದ ಉತ್ತರ ದಂಡೆಯಲ್ಲೇ ವಾಲ್‌ಸೆಂಡ್‌ಗೆ ಹೋಗಿ. ಅಲ್ಲಿ ಸೆಗೆಡೂನಮ್ ಕೋಟೆಯ 35 ಮೀಟರ್ ಗೋಪುರ ಹತ್ತಿದರೆ ಇಡೀ ಕೋಟೆಯ ತಳಪಾಯ ಕೆಳಗೆ ಕಾಣುತ್ತದೆ. ಆಮೇಲೆ ಎರಡು ಆಯ್ಕೆ. ಒಂದು, ನಾರ್ತ್ ಶೀಲ್ಡ್ಸ್‌ನಿಂದ ದೋಣಿ, ಸೈಕಲ್ ಜೊತೆಗೇ ಹತ್ತಬಹುದು. ಎರಡು, ಅದಕ್ಕೂ ಮುಂಚೆ ಹೌಡನ್‌ನಿಂದ ಜಾರೋಗೆ ನದಿಯ ಅಡಿಯಲ್ಲಿರುವ ಸುರಂಗ. 1951ರಲ್ಲಿ ನಡೆಯುವವರಿಗೆ, ಸೈಕಲಿಗರಿಗೆ ಎಂದೇ ಮಾಡಿದ್ದು. ದುರಸ್ತಿಯಾಗಿ 2019ರಲ್ಲಿ ಮತ್ತೆ ತೆರೆಯಿತು. ಹವೆ ಚೆನ್ನಾಗಿದ್ದರೆ ದೋಣಿ ಹಿಡಿಯಿರಿ. ಮಳೆ ಹೊಡೆಯುತ್ತಿದ್ದರೆ ಸುರಂಗ. ಅರ್ಬಿಯಾ ಮ್ಯೂಸಿಯಮ್ ಸಂಜೆ ಬೇಗ ಮುಚ್ಚುತ್ತದೆ, ಹಾಗಾಗಿ ಕೊನೆಯ ದಿನ ಹೆಕ್ಸಮ್‌ನಿಂದ ಬೆಳಿಗ್ಗೆ ಬೇಗ ಹೊರಡಿ. ಅಥವಾ ಆ ರಾತ್ರಿ ಸೌತ್ ಶೀಲ್ಡ್ಸ್‌ನಲ್ಲೇ ಉಳಿದು ಮರುದಿನ ಬೆಳಿಗ್ಗೆ ನೋಡಿ.